ಎರಡನೆಯ ಕೊಡದ ಮಣ್ಣು

೧೮೯೪ನೇ ಇಸವಿ ಜೂನ್ ತಿಂಗಳಲ್ಲಿ ನಾನು ತೇವಾರಂ ಊರಿನಿಂದ ಪಡುವಣಕ್ಕೆ, ಬೆಟ್ಟದ ಬುಡದಲ್ಲಿರುವ ಒಂದು ಹಳ್ಳಿಯ ಪ್ರೈಮರಿ ಶಾಲೆಗೆ ಹೆಡ್‌ಮಾಸ್ಟರಾಗಿ ಹೋದೆ. ಹೆಡ್‌ಮಾಸ್ಟರ್ ಎಂದರೆ ದೊಡ್ಡ ಹುದ್ದೆಯೆಂದು ಯಾರೂ ತಿಳಿಯಬೇಡಿ. ಆ ಶಾಲೆಗೆ ಇದ್ದ ಉಪಾಧ್ಯಾಯ ನಾನೊಬ್ಬನೇ. ಗಂಟೆ ಹೊಡೆಯುವವನೂ ನಾನೇ, ಹಾಜರಿ ಕರೆಯುವವನೂ ನಾನೇ, ಮಳೆ ಬಂದರೆ ಹೆಂಚು ಸರಿಸುವವನೂ ನಾನೇ. ಮೂವತ್ತನಾಲ್ಕು ಮಕ್ಕಳಿದ್ದರು, ಅವರಲ್ಲಿ ಮೂವರು ಹೆಣ್ಣುಮಕ್ಕಳು. ನನಗೆ ಇಪ್ಪತ್ತೆರಡು ವರ್ಷ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿಯವರ ಮೊಮ್ಮಕ್ಕಳು ಈಗ ಓದು ಬಲ್ಲವರು.

ಶಾಲೆಯ ಪಾಠವೆಲ್ಲ ತಮಿಳಿನಲ್ಲಿ. ಆದರೆ ಊರಿನ ಒಕ್ಕಲು ಮನೆಗಳ ಮಾತು ಕನ್ನಡ. ಯಾವ ಕಾಲದಲ್ಲೋ ಮೇಲಿನ ಸೀಮೆಯಿಂದ ದನ ಹೊಡೆದುಕೊಂಡು ಇಳಿದು ಬಂದು ಕಂಬಂ ಕಣಿವೆಯಲ್ಲಿ ನೆಲೆನಿಂತ ಜನ ಅವರು. ನಮ್ಮ ಮನೆಯವರೂ ಅದೇ ಬಳಗದವರೇ, ಆದರೆ ನಾವು ನಿಲಕ್ಕೋಟ್ಟೈ ಕಡೆಗೆ ಹೋಗಿ ಮೂರು ತಲೆಮಾರಾಗಿ, ಹಳೆಯ ಕಟ್ಟುಪಾಡುಗಳಲ್ಲಿ ಅರ್ಧ ಮರೆತಿದ್ದೆವು. ಮಿಕ್ಕ ಅರ್ಧವನ್ನು ನಾನು ಮಧುರೆಯ ತರಬೇತಿ ಶಾಲೆಯಲ್ಲಿ ಕಳೆದುಕೊಂಡೆ. ಕನ್ನಡವನ್ನು ಬರೆಯಲು ಕಲಿತದ್ದು ಬಹಳ ಆಮೇಲೆ, ಕೊಳ್ಳೇಗಾಲಕ್ಕೆ ವರ್ಗವಾದಾಗ. ಅಲ್ಲಿಯವರೆಗೆ ಅದು ನನಗೆ ನಾಲಗೆಯ ಮೇಲೆ ಮಾತ್ರ ಇದ್ದ ಭಾಷೆ.

ಆ ವರ್ಷಗಳಲ್ಲಿ ಎಳೆಯ ಮಕ್ಕಳ ಶಾಲೆಗಳಿಗೆ ಒಂದು ಹೊಸ ವಿಷಯ ಬಂದಿತ್ತು. ಅದಕ್ಕೆ ಕಿಂಡರ್‌ಗಾರ್ಟನ್ ಆಕ್ಯುಪೇಷನ್ ಎಂದು ಹೆಸರು. ಬಾಯಿಪಾಠಕ್ಕೆ ಮೊದಲು ಮಕ್ಕಳ ಕೈಗೂ ಕಣ್ಣಿಗೂ ಕೆಲಸ ಕೊಡಬೇಕು ಎಂಬುದು ಅದರ ತತ್ವ. ಕಾಗದ ಮಡಿಸುವುದು, ಕಡ್ಡಿ ಜೋಡಿಸುವುದು, ಬೀಜ ಇಟ್ಟು ಚಿತ್ರ ಮಾಡುವುದು, ಮಣ್ಣಿನಲ್ಲಿ ಆಕಾರ ತೆಗೆಯುವುದು, ಹೀಗೆ. ತರಬೇತಿ ಶಾಲೆಯಲ್ಲಿ ಇದಕ್ಕೆಂದೇ ಒಂದು ಕೈಪಿಡಿ ಕೊಟ್ಟಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನು ಆ ಕೈಪಿಡಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ಕೈಪಿಡಿ ಹೇಳುವ ಬಣ್ಣದ ಕಾಗದ, ಮರದ ಚೆಂಡು, ಅಳತೆಗೆ ಕೊಯ್ದ ಕಡ್ಡಿ ಇವೆಲ್ಲ ಆ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ನಾನು ಊರನ್ನೇ ಅಂಗಡಿ ಮಾಡಿಕೊಂಡೆ. ಕಡ್ಡಿಗೆ ಪೊರಕೆ ಕಡ್ಡಿ, ಅವನ್ನು ಕೂಡಿಸಲು ನೆನೆಸಿದ ಕಡಲೆ. ಹೀಗೆ ಮಕ್ಕಳು ಮಂಚ ಮಾಡಿದರು, ಬಂಡಿ ಮಾಡಿದರು, ಪಾಠ ಮುಗಿದ ಮೇಲೆ ಬಂಡಿಯ ಗಾಲಿಗಳನ್ನು ತಿಂದುಹಾಕಿದರು. ಕಾಗದದ ಬದಲು ತಾಳೆಗರಿ. ಅದರಲ್ಲಿ ಗಿಲಕಿ, ಗಿಳಿ, ಗಾಳಿಗೆ ತಿರುಗುವ ಚಕ್ರ. ಬೀಜಕ್ಕೆ ಹುಣಸೆಬೀಜ ಮತ್ತು ಗುಲಗಂಜಿ. ನೆಲಕ್ಕೆ ಸಗಣಿ ಸಾರಿಸಿ ಅದರ ಮೇಲೆ ಬೀಜ ಇಟ್ಟು ನವಿಲು ಮಾಡಿದ ದಿನ ಮಕ್ಕಳು ಮನೆಗೆ ಹೋಗಲು ಒಪ್ಪಲಿಲ್ಲ. ಬೆಳಿಗ್ಗೆ ನಾನು ಗಂಟೆ ಹೊಡೆಯುವ ಮೊದಲೇ ಅವರು ಬಂದು ಬಾಗಿಲಲ್ಲಿ ಕೂತಿರುತ್ತಿದ್ದರು. ನಲವತ್ತು ವರ್ಷದ ಕೆಲಸದಲ್ಲಿ ನನಗೆ ಅಂಥ ಸಂತೋಷ ಮತ್ತೆ ಸಿಕ್ಕಿಲ್ಲ.

ದೊಡ್ಡವರಿಗೆ ಮಾತ್ರ ಇದು ಹಿಡಿಸಲಿಲ್ಲ. ಆಗ ಕಣಿವೆಯಲ್ಲೆಲ್ಲ ಬೆಟ್ಟ ಕೊರೆದು ಪೆರಿಯಾರ್ ನೀರು ತಿರುಗಿಸುವ ಕೆಲಸದ್ದೇ ಮಾತು. ಊರಿನ ಹಲವು ಗಂಡಸರು ಅಲ್ಲಿಗೆ ಕೂಲಿಗೆ ಹೋಗಿದ್ದರು. ಅಲ್ಲಿ ಲೆಕ್ಕ ಬರೆಯುವವರ ಠೀವಿ ನೋಡಿ ಬಂದವರು ತಮ್ಮ ಮಕ್ಕಳೂ ಬೇಗ ಲೆಕ್ಕ ಕಲಿಯಲೆಂದು ಬಯಸುತ್ತಿದ್ದರು. ಊರಿನ ಯಜಮಾನರಾದ ಗೌಡರು ಒಂದು ಸಂಜೆ ಶಾಲೆಯ ಜಗಲಿಯಲ್ಲಿ ಕೂತು, ಮೊಮ್ಮಗ ಮಾಡಿದ ತಾಳೆಗರಿಯ ಗಿಳಿಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದರು:

“ಆಟ ಆಡೋದಕ್ಕೆ ಬೀದಿ ಇದೆಯಲ್ಲ ವಾದ್ಯಾರೇ. ಅದಕ್ಕೆ ಪಳ್ಳಿಕೂಡ ಯಾತಕ್ಕೆ?”

ವಾದ್ಯಾರ್ ಎಂದರೆ ಉಪಾಧ್ಯಾಯ, ಪಳ್ಳಿಕೂಡ ಎಂದರೆ ಶಾಲೆ. ನಾನು ಕೈಪಿಡಿಯ ಮೊದಲ ಅಧ್ಯಾಯವನ್ನು ಅವರಿಗೆ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಶರಿ, ಇನ್‌ಸ್ಪೆಕ್ಟರ್ ಬಂದು ಒಳ್ಳೇದು ಅಂದರೆ ನಾವೂ ಒಳ್ಳೇದು ಅಂತೀವಿ” ಎಂದು ಎದ್ದರು. ಅಂದಿನಿಂದ ನನಗೆ ಆ ವರ್ಷದ ಇನ್‌ಸ್ಪೆಕ್ಷನ್ ಒಂದು ಪಂಥದಂತಾಯಿತು.

ಇಲ್ಲಿ ಆ ಜನರ ಒಂದು ಪದ್ಧತಿಯನ್ನು ಹೇಳಬೇಕು. ಅವರಿಗೆ ದೇವರ ಹೆಸರಿನಲ್ಲಿ ಬಿಟ್ಟ ಒಂದು ದನದ ಹಿಂಡು ಇದೆ. ಅದನ್ನು ‘ದೇವರ ಆವು’ ಎನ್ನುತ್ತಾರೆ. ಆ ಹಸುಗಳನ್ನು ಮಾರುವಂತಿಲ್ಲ, ಉಳುಮೆಗೆ ಕಟ್ಟುವಂತಿಲ್ಲ, ಹಾಲು ಕರೆದು ಮನೆಗೆ ಒಯ್ಯುವಂತಿಲ್ಲ. ಸತ್ತರೆ ಮನುಷ್ಯರನ್ನು ಹೂಳುವಂತೆ ಹೂಳುತ್ತಾರೆ. ಹಿಂಡಿಗೆ ಒಂದು ಹೋರಿ ಅರಸ. ಅದು ‘ಪಟ್ಟದ ಕಾಳೆ’. ಅದು ಸತ್ತರೆ ಹಿಂಡನ್ನೆಲ್ಲ ಸೇರಿಸಿ ಎದುರಿಗೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಎಳೆಯ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಸಿನ ಹಚ್ಚಿ ಪಟ್ಟ ಕಟ್ಟುತ್ತಾರೆ.

ಹಿಂಡು ಕಾಯುವ ಕೋಲು ತಿಮ್ಮಣ್ಣ ಎಂಬ ಮುದುಕನ ಕೈಯಲ್ಲಿತ್ತು. ನಲವತ್ತು ವರ್ಷದಿಂದ ಅದೇ ಕೋಲು, ಅದೇ ಕೈ. ಅವನ ಮೊಮ್ಮಗಳು ಕೆಂಪಮ್ಮ. ಎಲ್ಲರೂ ಕೆಂಪಿ ಎನ್ನುತ್ತಿದ್ದರು. ಒಂಬತ್ತು ವರ್ಷದವಳು. ತಾಯಿ ಸತ್ತು, ತಂದೆ ಬೇರೆ ಮದುವೆಯಾಗಿ ಹೋದಮೇಲೆ ತಾತನೇ ಸಾಕಿದ್ದ. ಶಾಲೆಗೆ ಸೇರಿಸಿದ್ದೂ ಅವನೇ. “ನಾನು ಇದ್ರೂ ಇಲ್ದೇ ಹೋದ್ರೂ ಇದು ಒಂದ್ ಕಾಗದ ಓದೋ ಹಂಗಾಗ್ಲಿ ಅಯ್ಯಾ” ಎಂದಿದ್ದ. ಅದಕ್ಕಾಗಿ ಬಳಗದವರ ಕೊಂಕು ಮಾತನ್ನೂ ನುಂಗಿಕೊಂಡಿದ್ದ. ಕೆಂಪಿ ಲೆಕ್ಕದಲ್ಲಿ ಹಿಂದೆ, ಓದಿನಲ್ಲಿ ಸಾಧಾರಣ. ಆದರೆ ಅಕ್ಟೋಬರಿನಲ್ಲಿ ಮಣ್ಣಿನ ಪಾಠ ಶುರುವಾದಾಗ ಅವಳು ಯಾರೆಂದು ನನಗೆ ಗೊತ್ತಾಯಿತು.

ಮಣ್ಣಿನ ಪಾಠಕ್ಕೆ ಇಂಗ್ಲಿಷಿನಲ್ಲಿ ಕ್ಲೇ ಮಾಡಲಿಂಗ್ ಎನ್ನುತ್ತಾರೆ. ಕೆರೆಯ ಜೇಡಿಮಣ್ಣನ್ನು ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಜಾಲಿಸಿ, ನೀರಲ್ಲಿ ಎರಡು ದಿನ ನೆನೆಸಿ ತುಳಿಯಬೇಕು. ಹದಕ್ಕೆ ಬಂದ ಮಣ್ಣನ್ನು ಕೊಡದಲ್ಲಿ ತುಂಬಿ ಒದ್ದೆ ಬಟ್ಟೆ ಮುಚ್ಚಿಡಬೇಕು. ಪಾಠ ಮುಗಿದ ಮೇಲೆ ಮಕ್ಕಳು ಮಾಡಿದ್ದನ್ನೆಲ್ಲ ಕಲಸಿ ಮತ್ತೆ ಕೊಡಕ್ಕೇ ಹಾಕಬೇಕೆಂದು ಕೈಪಿಡಿಯ ಆಜ್ಞೆ. ಮಾವಿನಕಾಯಿ, ಬದನೆಕಾಯಿ, ಒನಕೆ, ಒಲೆ, ಎಲ್ಲವೂ ಹನ್ನೊಂದು ಗಂಟೆಗೆ ಹುಟ್ಟಿ ಹನ್ನೆರಡಕ್ಕೆ ಮಣ್ಣಾಗುತ್ತಿದ್ದವು. ಮಕ್ಕಳಿಗೆ ಅದೂ ಒಂದು ಆಟವೇ.

ಉಳಿದವರು ಹಸುವೆಂದು ನಾಲ್ಕು ಕಾಲು ನಿಲ್ಲಿಸುವಷ್ಟರಲ್ಲಿ ಕೆಂಪಿ ಹಿಂಡಿನ ಇಂಥದೇ ಹಸು ಎಂದು ಗುರುತು ಸಿಗುವಂತೆ ಮಾಡುತ್ತಿದ್ದಳು. ಒಂದಕ್ಕೆ ಕೊಂಬು ಕೆಳಗೆ ಬಾಗಿದ್ದು, ಇನ್ನೊಂದಕ್ಕೆ ಬೆನ್ನು ಗುಳಿ ಬಿದ್ದದ್ದು, ಮತ್ತೊಂದಕ್ಕೆ ಕಿವಿ ಹರಿದದ್ದು. ಮಕ್ಕಳು ನೋಡಿದ ಕೂಡಲೆ ಹೆಸರು ಹೇಳುತ್ತಿದ್ದರು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಲ್ಲಿ. ಅವಳ ಯಾವ ಹಸುವಿಗೂ ಕಣ್ಣು ಮಾತ್ರ ಇರುತ್ತಿರಲಿಲ್ಲ. ನಾನು ಅದನ್ನು ಮರೆವು ಎಂದುಕೊಂಡು ಸುಮ್ಮನಿದ್ದೆ.

೧೮೯೫ರ ಫೆಬ್ರವರಿಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಮಕ್ಕಳೆಲ್ಲ ಸೇರಿ ದೇವರ ಆವಿನ ಹಿಂಡನ್ನೇ ಮಣ್ಣಿನಲ್ಲಿ ಮಾಡಬೇಕೆಂದು ನಾನು ಗೊತ್ತುಮಾಡಿದೆ. ಇಪ್ಪತ್ತು ಹಸು ಇಪ್ಪತ್ತು ಮಕ್ಕಳಿಗೆ, ಪಟ್ಟದ ಕಾಳೆ ಕೆಂಪಿಗೆ, ಮಣ್ಣು ತುಳಿಯುವುದು ಮಿಕ್ಕವರಿಗೆ. ಅವಳು ಮೂರು ದಿನ ಅದರ ಮೇಲೆ ಕೂತಳು. ಮೊಳದುದ್ದದ ಹೋರಿ, ಇಳಿಬಿದ್ದ ಗಂಗೆದೊಗಲು, ಮುಪ್ಪಿಗೆ ಒಂದು ಕಡೆ ವಾಲಿದ ಹಿಣಿಲು. ಹಿಂದಿನ ದಿನ ಸಂಜೆ ನೋಡಿದರೆ ಅದಕ್ಕೂ ಕಣ್ಣಿಲ್ಲ. ಕಣ್ಣಿಲ್ಲದ ಹೋರಿಯನ್ನು ಇನ್‌ಸ್ಪೆಕ್ಟರ್ ಅಪೂರ್ಣ ಎಂದು ಬರೆದರೆ ಏನು ಗತಿ? ನಾನು ಬೀಜದ ಡಬ್ಬಿಯಿಂದ ಎರಡು ಗುಲಗಂಜಿ ತೆಗೆದುಕೊಟ್ಟೆ.

“ಬೇಡ ಅಯ್ಯಾ,” ಎಂದಳು ಕೆಂಪಿ. “ಕಣ್ಣು ತೆರ್ದ ಮೇಲೆ ಅದು ಮಣ್ಣಲ್ಲ. ತಿರುಗಾ ಕಲಸಾಗದು. ಕುಂಬಾರ ತಾತ ಹೇಳವ್ರೆ.”

ಊರ ಕುಂಬಾರ ಗುಡಿಗೆ ಕುದುರೆ, ಆನೆ ಮಾಡಿ ಸುಡುತ್ತಿದ್ದ. ಒಂದು ಹೊತ್ತು ಉಪವಾಸವಿದ್ದು ಕಟ್ಟಕಡೆಗೆ ಕಣ್ಣು ಬರೆಯುತ್ತಿದ್ದ. ಕಣ್ಣು ತೆರೆದ ಕ್ಷಣದಿಂದ ಅದಕ್ಕೆ ಜೀವ, ಅದನ್ನು ಒಡೆದರೆ ಕೊಂದಂತೆ. ಇದನ್ನು ತಿಳಿಯಲು ತರಬೇತಿ ಶಾಲೆ ಬೇಡ. ನನ್ನ ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತಿರಬೇಕಿತ್ತು. ನಾನು ನಕ್ಕು, “ಇದನ್ನು ಕಲಸೋದಿಲ್ಲ ಕೆಂಪಿ. ಪರೀಕ್ಷೆ ಆದಮೇಲೆ ನೀನೇ ಮನೆಗೆ ತಕ್ಕೊಂಡು ಹೋಗು” ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ನಂಬಿದಳು. ಬೆಳಿಗ್ಗೆ ಮಿಂದು ಬಂದು ಎರಡು ಗುಲಗಂಜಿ ಒತ್ತಿದಳು. ಹೋರಿ ನಮ್ಮನ್ನು ನೋಡತೊಡಗಿತು ಎಂದರೆ ಅತಿಶಯವಾಗದು.

ಡೆಪ್ಯುಟಿ ಇನ್‌ಸ್ಪೆಕ್ಟರರು ಪೆರಿಯಕುಳದಿಂದ ಎತ್ತಿನ ಗಾಡಿಯಲ್ಲಿ, ಬೆನ್ನು ಹಿಡಿದುಕೊಂಡು, ಹತ್ತು ಗಂಟೆಗೆ ಬಂದರು. ನ್ಯಾಯವಂತ ಮನುಷ್ಯ. ಓದು, ಲೆಕ್ಕ, ಉಕ್ತಲೇಖನ ಎಲ್ಲ ಸರಿಯಾಗಿ ನಡೆಯಿತು. ಗೌಡರು ಜಗಲಿಯಲ್ಲಿ ಕೂತು ಕೇಳುತ್ತಿದ್ದವರು ಅಷ್ಟಕ್ಕೇ ತೃಪ್ತರಾಗಿ ಗದ್ದೆಗೆ ಹೋದರು. ಕೊನೆಗೆ ಹಿಂಡನ್ನು ತೋರಿಸಿದೆ. ಇನ್‌ಸ್ಪೆಕ್ಟರರು ಪಟ್ಟದ ಕಾಳೆಯನ್ನು ಬಹಳ ಹೊತ್ತು ನೋಡಿದರು. ಅವರ ಹುಬ್ಬು ಗಂಟಾಯಿತು. ಹಿಂದಿನ ವಾರ ಬೇರೊಂದು ಶಾಲೆಯಲ್ಲಿ ಕುಂಬಾರನಿಂದ ಮಾಡಿಸಿ ತಂದ ಗೊಂಬೆಗಳನ್ನು ಮಕ್ಕಳ ಕೆಲಸವೆಂದು ತೋರಿಸಿ ಅವರನ್ನು ಮೋಸಗೊಳಿಸಿದ್ದರಂತೆ. “ಇದನ್ನು ಮಾಡಿದ ಮಗುವೇ ನನ್ನ ಕಣ್ಣೆದುರಿಗೆ ಇನ್ನೊಂದು ಮಾಡಲಿ” ಎಂದು ತಮಿಳಿನಲ್ಲಿ ಹೇಳಿ ಗಡಿಯಾರ ತೆಗೆದರು.

ನಾನು ಕೊಡಕ್ಕೆ ಕೈ ಹಾಕಿದೆ. ತಳ ಸಿಕ್ಕಿತು. ಇದ್ದ ಮಣ್ಣೆಲ್ಲ ಹಿಂಡಾಗಿ ನಿಂತಿತ್ತು. ಮಕ್ಕಳ ಹಸುಗಳು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದವು. ಪಟ್ಟದ ಕಾಳೆಯನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ಇನ್ನೂ ಮೆತ್ತಗಿತ್ತು. ಕುಂಬಾರನ ಮನೆ ಶಾಲೆಯಿಂದ ಕಾಲು ಗಂಟೆಯ ದಾರಿ. ಅವನಲ್ಲಿ ಹದ ಮಾಡಿದ ಮಣ್ಣು ಯಾವಾಗಲೂ ಇರುತ್ತಿತ್ತು. ಆದರೆ ಕುಂಬಾರನ ಮನೆಯಿಂದ ಮಣ್ಣು ಬಂದರೆ ಅವರ ಸಂಶಯ ಬಲವಾಗುತ್ತದೆಂದು ನನಗೆ ಭಯ. ಗಾಡಿಯವನು ಆಗಲೇ ಎತ್ತು ಕಟ್ಟುತ್ತಿದ್ದ. ನಾನು ಕೆಂಪಿಯ ಹತ್ತಿರ ಬಗ್ಗಿ ನಮ್ಮ ಮಾತಿನಲ್ಲಿ ಹೇಳಿದೆ:

“ಇದನ್ನೇ ಕಲಸಿ ಮಾಡು.”

“ಕಣ್ಣು ತೆರ್ದಾಗದೆ ಅಯ್ಯಾ.”

“ಹೇಳಿದಷ್ಟು ಮಾಡು.”

ಅವಳು ಮೊದಲು ಎರಡು ಗುಲಗಂಜಿಯನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಎರಡೂ ಅಂಗೈ ಇಟ್ಟು ಒತ್ತಿದಳು. ಮಿಕ್ಕ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಅರ್ಧ ಗಂಟೆಯಲ್ಲಿ ಅದೇ ಹೋರಿ ಮತ್ತೆ ಎದ್ದು ನಿಂತಿತು, ಕಣ್ಣಿಲ್ಲದೆ. ಇನ್‌ಸ್ಪೆಕ್ಟರರು ಮಗುವಿನ ತಲೆ ಸವರಿ, ನನ್ನ ಕೈ ಕುಲುಕಿ, ಪುಸ್ತಕದಲ್ಲಿ ‘ಅತ್ಯುತ್ತಮ’ ಎಂದು ಬರೆದು ಗಾಡಿ ಹತ್ತಿದರು. ಆ ಒಂದು ಮಾತಿನ ಸಂಭ್ರಮದಲ್ಲಿ ನಾನು ಕೆಂಪಿಯ ಮುಖ ನೋಡಲಿಲ್ಲ. ಅವಳು ಎರಡನೆಯ ಹೋರಿಯನ್ನು ಮನೆಗೆ ಒಯ್ಯಲೂ ಇಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ನಿಜವಾದ ಪಟ್ಟದ ಕಾಳೆ ದೊಡ್ಡಿಯಲ್ಲಿ ಸತ್ತು ಬಿದ್ದಿತ್ತು. ಅದಕ್ಕೆ ವಯಸ್ಸಾಗಿತ್ತು, ಹಲ್ಲು ಸವೆದಿತ್ತು. ಬರುವ ಯುಗಾದಿಯನ್ನು ಅದು ನೋಡಲಾರದು ಎಂದು ತಿಮ್ಮಣ್ಣನೇ ನನಗೆ ದೀಪಾವಳಿಯ ಹೊತ್ತಿಗೆ ಹೇಳಿದ್ದ. ಆದರೆ ಅಷ್ಟರಲ್ಲಿ ಶಾಲೆಯ ಸುದ್ದಿ ಮೂವತ್ತನಾಲ್ಕು ಬಾಯಿಂದ ಮನೆಮನೆಗೆ ಹೋಗಿತ್ತು. ಕಣ್ಣು ತೆರೆದ ಕಾಳೆಯನ್ನು ಕಲಸಿದರು, ಹನ್ನೊಂದು ದಿನಕ್ಕೆ ಕಾಳೆ ಹೋಯಿತು. ಎರಡನ್ನೂ ಕೂಡಿಸಿ ನೋಡಲು ಯಾರಿಗೂ ಲೆಕ್ಕದ ಪಾಠ ಬೇಕಾಗಲಿಲ್ಲ.

ಹೋರಿಯನ್ನು ಹೂಳಿದ ಮೂರನೆಯ ದಿನ ಹುಣಸೆಮರದ ಕೆಳಗೆ ಕೂಟ ಸೇರಿತು. ನನ್ನನ್ನೂ ಕರೆಸಿದರು. ಕೂರಲು ಚಾಪೆ ಹಾಕಿದರು, ಕುಡಿಯಲು ಮಜ್ಜಿಗೆ ಕೊಟ್ಟರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ತಿಮ್ಮಣ್ಣ ಕೋಲು ಊರಿಕೊಂಡು ನಿಂತಿದ್ದ. ಕೆಂಪಿ ಅವನ ಹಿಂದೆ ಅವನ ಪಂಚೆಯ ಅಂಚು ಹಿಡಿದುಕೊಂಡಿದ್ದಳು. ಗೌಡರು ಕೇಳಿದರು:

“ವಾದ್ಯಾರೇ, ಕಣ್ಣಿಟ್ಟ ಕಾಳೆ ಕಲಸಿದ್ದು ಯಾರು?”

ನಾನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉತ್ತರವನ್ನು ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದೆ. “ಮಣ್ಣನ್ನ ತಿರುಗಾ ಕಲಸೋದು ಪಾಠದ ಪದ್ಧತಿ. ಕಲಸಿದ್ದು ಮಗುವಿನ ಕೈ” ಎಂದೆ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ.

ಗೌಡರು ಮತ್ತೆ ಕೇಳಿದರು: “ಕೊಳಂದೆ ತಾನಾ ಕಲಸ್ತಾ, ಯಾರಾನ ಹೇಳಿದ್ರಾ? ಅವಸರ ಇಲ್ಲ. ಮೆಲ್ಲಗೆ ಯೋಚ್ನೆ ಮಾಡಿ ಹೇಳಿ.”

ಕೊಳಂದೆ ಎಂದರೆ ಮಗು. ಆ ಮಗು ನನ್ನನ್ನೇ ನೋಡುತ್ತಿತ್ತು. ಆಪಾದನೆಯ ನೋಟವಲ್ಲ, ಪಾಠ ಒಪ್ಪಿಸುವವರ ಸರದಿಗಾಗಿ ಕಾಯುವ ನೋಟ. ನನ್ನ ತಲೆಯಲ್ಲಿ ಆಗ ಏನೇನು ಓಡಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇನ್‌ಸ್ಪೆಕ್ಟರರ ಶಿಫಾರಸು ಇನ್ನೂ ಮೇಲಿನ ಕಚೇರಿಗೆ ಹೋಗುತ್ತಿತ್ತು. ನಾನು ಕಲಸಿಸಿದೆ ಎಂದರೆ ಊರವರು ಮಕ್ಕಳನ್ನೆಲ್ಲ ಬಿಡಿಸಬಹುದು, ಶಾಲೆ ಮುಚ್ಚಬಹುದು. ಮುದಿ ಹೋರಿ ಮುಪ್ಪಿನಿಂದ ಸತ್ತಿತು, ಇಂಥ ಮೂಢನಂಬಿಕೆಗೆ ಓದಿದವನು ಯಾಕೆ ಉತ್ತರ ಕೊಡಬೇಕು ಎಂದೂ ಅನ್ನಿಸಿತು. ಅದು ಹೇಡಿತನವೇ, ಓದಿನ ಅಂಗಿ ತೊಟ್ಟಿತ್ತು ಅಷ್ಟೇ.

“ಗಡಿಬಿಡಿ ಇತ್ತು. ನೆನಪಿಲ್ಲ,” ಎಂದೆ.

ಕೆಂಪಿ ನೆಲ ನೋಡಿದಳು. ಗೌಡರು ಹಿರಿಯರ ಕಡೆ ತಿರುಗಿ ಮಾತಾಡಿಕೊಂಡರು. ತೀರ್ಪು ಮೆಲುದನಿಯಲ್ಲೇ ಬಂತು. ಮಗು ಅರಿಯದೆ ಮಾಡಿತು, ಆದರೂ ತಪ್ಪು ತಪ್ಪೇ. ಇನ್ನು ಅದು ಮಣ್ಣು ಮುಟ್ಟಬಾರದು, ಪಳ್ಳಿಕೂಡಕ್ಕೆ ಹೋಗಬಾರದು. ಆ ಮನೆಯ ಕೈ ಹಿಂಡಿನ ಮೇಲೆ ಇರಬಾರದು. ತಿಮ್ಮಣ್ಣ ಎರಡು ಹೆಜ್ಜೆ ಮುಂದೆ ಬಂದು ಕೋಲನ್ನು ಗೌಡರ ಪಾದದ ಬಳಿ ಅಡ್ಡ ಇಟ್ಟು ಹಿಂದಕ್ಕೆ ಸರಿದ. ಕೋಲಿಲ್ಲದೆ ಅವನು ನಿಂತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಎರಡು ದಿನ ಬಿಟ್ಟು ಅವನ ಮನೆಗೆ ಹೋದೆ. ಕೆಂಪಿ ಒಳಗೆ ರಾಗಿ ಬೀಸುತ್ತಿದ್ದಳು. ಕಲ್ಲಿನ ಸದ್ದು ಕೇಳುತ್ತಿತ್ತು, ಅವಳು ಹೊರಗೆ ಬರಲಿಲ್ಲ. ಶಾಲೆಯ ಹೊತ್ತಿನ ಆಚೆ ಮನೆಯಲ್ಲೇ ಓದು ಹೇಳಿಕೊಡುತ್ತೇನೆ ಎಂದೆ. ಮುದುಕ ತಲೆಯಾಡಿಸಿ ಬೇಡವೆಂದ. ಅವನು ಅಂದ ಮಾತನ್ನು ಹಾಗೆಯೇ ಬರೆಯುತ್ತೇನೆ. ದಾನ್ ಎಂದರೆ ‘ತಾನೇ’ ಎಂಬ ಒತ್ತು.

“ಕೂಟದಾಗೆ ದೊಡ್ಡೋರು ಮಾತಾಡ್ವಾಗ ನಡುವೆ ಬಾಯಿ ಹಾಕ್ಬಾರ್ದು ಅಂತ ಅದಕ್ಕೆ ಕಲ್ಸಿರೋನು ನಾನು ದಾನ್. ನೀವು ಹೇಳ್ತೀರಿ ಅಂತ ಕಾದ್ಲು. ಇರ್ಲಿ ಬಿಡಿ ಅಯ್ಯಾ. ಕಲಸೋ ಮುಂಚೆ ಕಣ್ಣು ತೆಗ್ದೆ ತಾತ, ಕಾಳೆಗೆ ಏನೂ ಕಾಣ್ಲಿಲ್ಲ ಅಂತ ಅದನ್ನ ದಾನ್ ದಿನಾ ಹೇಳ್ತಾಳೆ.”

ಆಗಲೂ ಗೌಡರ ಮನೆ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಹೋಗಿ ಹೇಳಬಹುದಿತ್ತು. ನಾಳೆ ಹೋಗುತ್ತೇನೆ ಎಂದುಕೊಂಡೆ. ನಾಳೆ ಹಿಂಡಿನ ಮುಂದೆ ಕಬ್ಬು ಇಟ್ಟು ಹೊಸ ಹೋರಿಯನ್ನು ಆರಿಸಿದರು. ಊರೆಲ್ಲ ಅರಿಸಿನದ ಕೈಯಲ್ಲಿ ಓಡಾಡುವಾಗ ಹಳೆಯ ಮಾತು ಎತ್ತುವುದು ಸರಿಯಲ್ಲ ಎನ್ನಿಸಿತು. ಅದರ ಮಾರನೆಯ ದಿನಕ್ಕೂ ನನಗೆ ಒಂದು ಕಾರಣ ಸಿಕ್ಕಿತು. ಜೂನ್ ತಿಂಗಳಲ್ಲಿ ವರ್ಗದ ಆರ್ಡರ್ ಬಂತು. ಮಣ್ಣಿನ ಪಾಠವನ್ನು ಚೆನ್ನಾಗಿ ನಡೆಸಿದ್ದಕ್ಕೆ ನನ್ನನ್ನು ದಿಂಡಿಗಲ್ಲಿನ ದೊಡ್ಡ ಶಾಲೆಗೆ ಹಾಕಿದ್ದರು. ಅಲ್ಲಿ ಬೇರೆ ಉಪಾಧ್ಯಾಯರಿಗೆ ಅದನ್ನು ಕಲಿಸಿಕೊಡಬೇಕಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಕೆಸರಾದದ್ದು ಕೆಂಪಿಯ ಕೈ, ಮೊಸರುಂಡದ್ದು ನನ್ನ ಬಾಯಿ.

೧೮೯೯ರಲ್ಲಿ ನಾನೇ ಇನ್‌ಸ್ಪೆಕ್ಟಿಂಗ್ ಸ್ಕೂಲ್‌ಮಾಸ್ಟರಾಗಿ, ಅಂದರೆ ಸಣ್ಣ ಶಾಲೆಗಳನ್ನು ಸುತ್ತಿ ನೋಡುವ ಕೆಳದರ್ಜೆಯ ತನಿಖೆಗಾರನಾಗಿ, ಆ ಕಣಿವೆಗೆ ಮತ್ತೆ ಹೋದೆ. ನಾಲ್ಕೂವರೆ ವರ್ಷದ ಮೇಲೆ ಅದೇ ಜಗಲಿ. ಹೊಸ ಉಪಾಧ್ಯಾಯ ಮಣ್ಣಿನ ಕೆಲಸವನ್ನು ಮುಂದುವರಿಸಿದ್ದ. ಸಾಲಾಗಿ ಆಡು, ನಾಯಿ, ಕೋಳಿ ಇಟ್ಟಿದ್ದರು. ಒಂದಕ್ಕೂ ಕಣ್ಣಿರಲಿಲ್ಲ. ಹಸು ಒಂದೂ ಇರಲಿಲ್ಲ. “ಎಷ್ಟು ಹೇಳಿದರೂ ಈ ಊರ ಮಕ್ಕಳು ಕಣ್ಣು ಮಾಡುವುದಿಲ್ಲ ಸಾರ್, ಮೊಂಡು ಮಕ್ಕಳು” ಎಂದು ಆತ ದೂರಿದ. ನಾನು ಪೂರ್ಣ ಅಂಕ ಕೊಟ್ಟು ಪುಸ್ತಕ ಮುಚ್ಚಿ ನೇರವಾಗಿ ಗೌಡರ ಮನೆಗೆ ಹೋದೆ.

ಗೌಡರು ಇಳಿವಯಸ್ಸಿನಲ್ಲಿ ಮೆತ್ತಗಾಗಿದ್ದರು. ಗುರುತು ಹಿಡಿದು ಮಣೆ ಹಾಕಿಸಿದರು. ನಾನು ಕೂರದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕಣ್ಣಿಡಿಸಿದ್ದು ನಾನು, ಕಲಸುವುದಿಲ್ಲವೆಂದು ಮಾತು ಕೊಟ್ಟದ್ದು ನಾನು, ಕಲಸಿಸಿದ್ದು ನಾನು, ನೆನಪಿಲ್ಲ ಎಂದದ್ದು ಸುಳ್ಳು. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ವಾದ್ಯಾರೇ,” ಎಂದರು. “ಅಪ್ಪೋವೇ, ಆ ಕೂಟದಾಗೇ ಗೊತ್ತು. ನನ್ ಮೊಮ್ಮಗನೂ ಅದೇ ಪಳ್ಳಿಕೂಡದಾಗೆ ದಾನ್ ಇದ್ದ. ಅದಕ್ಕೇ ಎರಡ್ ಸಾರಿ ಕೇಳ್ದೆ.”

ಹಾಗಾದರೆ ಮಗುವಿಗೆ ಯಾಕೆ ಶಿಕ್ಷೆ ಎಂದು ಕೇಳಿದೆ.

“ನೀವು ಹೇಳಿದ್ರೆ ಒಂದ್ ಹೊರೆ ಹುಲ್ಲು ದೇವರ ಆವಿಗೆ, ಒಂದ್ ದೀಪ ಗುಡಿಗೆ. ಅಷ್ಟು ದಾನ್. ನೀವು ಹೊರಗ್ನೋರು, ತಿಳೀದೆ ಮಾಡ್ದೋರು. ಆದ್ರೆ ನೀವು ಹೊರ್ಲಿಲ್ಲ. ಯಾರೂ ಹೊರ್ದೆ ಇರೋ ತಪ್ಪು ಊರ ಮೇಲೆ ನಿಂತ್ಕೋತದೆ. ಕೂಟದಾಗೆ ನಾವು ವಾದ್ಯಾರನ್ನ ಸುಳ್ಳ ಅಂತ ಕರ್ಯಾಗುತ್ತಾ? ನಾಳೆ ಯಾವ್ ಕೊಳಂದೆ ನಿಮ್ ಮುಂದೆ ಕೂತ್ಕೋತದೆ? ಪಳ್ಳಿಕೂಡ ಇರ್ಲಿ ಅಂತ ಆ ಪಾಪದ ತಲೆ ಮೇಲೆ ಇಟ್ಟೋ. ನಮ್ದೂ ತಪ್ಪೇ.” ಎಲೆ ಅಡಿಕೆ ಉಗಿದು ಬಂದು, “ತಿಮ್ಮಣ್ಣ ಹೋದ ವರ್ಷ ತೀರ್ಕೊಂಡ. ಕೋಲು ಕೇಳ್ದ, ಕೊನೇಗೆ. ಕೊಟ್ಟೋ” ಎಂದರು.

ಶಾಲೆಯನ್ನು ಉಳಿಸಬೇಕೆಂದು ನಾನು ಸುಳ್ಳು ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಶಾಲೆಯನ್ನು ಉಳಿಸಿದ್ದು ಅವರು. ಅದಕ್ಕೆ ಬೆಲೆ ಕೊಟ್ಟವಳು ಒಂಬತ್ತು ವರ್ಷದ ಹುಡುಗಿ. ನನ್ನ ಪಾಲಿಗೆ ಬಂದಿದ್ದ ಶಿಕ್ಷೆ ಒಂದು ಹೊರೆ ಹುಲ್ಲು.

ಆ ಸಂಜೆಯೇ ಕುಡುಗೋಲು ಕೇಳಿ ಪಡೆದು ಕೆರೆಯ ಅಂಚಿನಲ್ಲಿ ಹುಲ್ಲು ಕೊಯ್ದೆ. ಅಭ್ಯಾಸವಿಲ್ಲದ ಕೈ, ಎರಡು ಬೆರಳು ಕುಯ್ದುಕೊಂಡಿತು. ಹೊರೆಯನ್ನು ತಲೆಯ ಮೇಲೆ ಹೊತ್ತು ದೊಡ್ಡಿಗೆ ಹೋಗಿ ಹಾಕಿದೆ. ಹಸುಗಳು ತಿಂದವು. ತಡವಾಗಿ ತಂದದ್ದೆಂದು ಅವಕ್ಕೇನು ಗೊತ್ತು. ಕೆಂಪಿಯನ್ನು ಪೆರಿಯಕುಳದ ಒಂದು ಮಾವಿನ ತೋಪಿನವರ ಮನೆಗೆ ಕೊಟ್ಟಿದ್ದಾರೆಂದು ಅಲ್ಲಿದ್ದವರು ಹೇಳಿದರು. ಕಾಗದ ಓದಲು ಬರುತ್ತದೆಯೇ ಎಂದು ಕೇಳಿದೆ. ಇಲ್ಲ, ಕಲಿತಷ್ಟೂ ಮರೆತುಹೋಯಿತಂತೆ ಎಂದರು. ಪೆರಿಯಕುಳದ ಆ ಬೀದಿಯಲ್ಲಿ ಕೆಲಸದ ಮೇಲೆ ನಾನು ಎರಡು ಸಲ ಹಾದುಹೋಗಿದ್ದೇನೆ. ಗಾಡಿಯಿಂದ ಇಳಿಯಲಿಲ್ಲ. ಗೌಡರ ಮುಂದೆ ಬಂದ ಧೈರ್ಯ ಅವಳ ಮುಂದೆ ಬರಲಿಲ್ಲ.

ಮುಂದೆ ಮೂರು ಜಿಲ್ಲೆಗಳಲ್ಲಿ, ತಮಿಳು ಕನ್ನಡ ಎರಡೂ ಶಾಲೆಗಳಲ್ಲಿ, ನಾನು ನೂರಾರು ಉಪಾಧ್ಯಾಯರಿಗೆ ಮಣ್ಣಿನ ಪಾಠ ಹೇಳಿಕೊಟ್ಟೆ. ಕೈಪಿಡಿಯಲ್ಲಿಲ್ಲದ ಎರಡು ನಿಯಮಗಳನ್ನು ನಾನೇ ಸೇರಿಸಿದೆ. ಮಗು ಒಲ್ಲೆನೆಂದರೆ ಯಾಕೆಂದು ಕೇಳಿ, 'ಹೇಳಿದಷ್ಟು ಮಾಡು' ಎನ್ನಬೇಡಿ. ಮಣ್ಣಿನ ಪಾಠದ ದಿನ ಒಂದಲ್ಲ, ಎರಡು ಕೊಡ ಮಣ್ಣು ಹದ ಮಾಡಿಟ್ಟುಕೊಳ್ಳಿ. ಮೊದಲನೆಯ ನಿಯಮವನ್ನು ಅವರು ಬರೆದುಕೊಳ್ಳುತ್ತಿದ್ದರು. ಎರಡನೆಯದಕ್ಕೆ ನಗುತ್ತಿದ್ದರು, ಈ ಮುದುಕನಿಗೆ ಕೊಡದ ಹುಚ್ಚು ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ನಾನು ಯಾರಿಗೂ ಕಾರಣ ಹೇಳಿರಲಿಲ್ಲ. ಕೇಳಿದವರಿಗೆಲ್ಲ ನನ್ನ ಉತ್ತರ ಹುಣಸೆಮರದ ಕೆಳಗೆ ಕೊಟ್ಟದ್ದೇ ಆಗಿತ್ತು: ನೆನಪಿಲ್ಲ.